ಸೋಡಾ ಹಾಕಿ ತಿಕ್ಕಿದ ನಾಣ್ಯ

ಅಕ್ಟೋಬರ್ 9, ಗುರುವಾರ

ಉಗುರಿನ ಸಂದಿಯ ಮಣ್ಣು ಇನ್ನೂ ಹೋಗಿಲ್ಲ. ಆರಿನ್ ತೀರಿಕೊಂಡು ಎರಡು ವರ್ಷವಾದ ಮೇಲೆ ಇವತ್ತೇ ಮೊದಲ ಸಲ ಅವನ ಮೆಟಲ್ ಡಿಟೆಕ್ಟರ್ ಹಿಡಿದು, ಅವನ ಗೆಳೆಯ ಡೆಲ್ಬರ್ಟ್ ಜೊತೆ ಹ್ಯಾಸ್ಕೆಲ್‌ರ ಸೇಬಿನ ತೋಟಕ್ಕೆ ಹೋದೆ. ಅದು ಕೂಗಿದಲ್ಲಿ ಅಗೆದರೆ ಒಂದು ಸೆಂಟಿನ ತಾಮ್ರದ ನಾಣ್ಯ, ಅಂಚಿನಲ್ಲಿ ತೂತು. ನೋಡಿದ ಕೂಡಲೇ ಗುರುತು ಸಿಕ್ಕಿತು.

ಮದುವೆಯಾದ ವರ್ಷ ಆರಿನ್ ಅಗೆದು ತಂದ ಮೊದಲ ನಾಣ್ಯ. ಅವನಿಗೆ ಖುಷಿಯಾಗಲೆಂದು ಸೋಡಾ ಹಾಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದೆ.

"ಅಯ್ಯೋ ಮಾರ್ಲಿಸ್, ನೂರು ವರ್ಷದ ಬಣ್ಣಾನ ಒಂದೇ ನಿಮಿಷಕ್ಕೆ ತೊಳೆದುಬಿಟ್ಟೆಯಲ್ಲೇ! ಹಳೇ ನಾಣ್ಯಕ್ಕೆ ಆ ಬಣ್ಣಾನೇ ಬೆಲೆ ಕಣೇ!" ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಆಮೇಲೆ ತಾನೇ ತೂತು ಕೊರೆದು ಕೀಲಿಗೊಂಚಲಿಗೆ ಪೋಣಿಸಿಕೊಂಡ. ಈ ತೋಟದಲ್ಲಿ ಅದು ಕಳೆದುಹೋದಾಗ ಮೂರು ದಿನ ಹುಡುಕಿದ್ದ.

ಮಣ್ಣು ಅದಕ್ಕೆ ಮತ್ತೆ ಹಳೆಯ ಕಂದು ಬಣ್ಣ ಕೊಟ್ಟಿದೆ.

"ಉಜ್ಜೋಕೆ ಹೋಗ್ಬೇಡ ತಾಯಿ, ಎಣ್ಣೇಲಿ ನೆನೆಹಾಕು. ಈ ಸಲನಾದ್ರೂ ಬುದ್ಧಿ ಬರ್ಲಿ," ಅಂದ ಡೆಲ್ಬರ್ಟ್. ಹೂಂ ಅಂದೆ. ನನಗೆ ಬುದ್ಧಿ ಹೇಳಲು ಇವನ್ಯಾರು?

ಮನೆಗೆ ಬಂದವಳೇ ಸೋಡಾ ಹಾಕಿ ತಿಕ್ಕಿದೆ. ಆವತ್ತಿನ ಹಾಗೆಯೇ ಹೊಳೆಯುತ್ತಿದೆ. ಮೇಜಿನ ಮೇಲೆ ಅವನ ಕುರ್ಚಿಯ ಎದುರಿಗೆ ಇಟ್ಟು ಕೂತಿದ್ದೇನೆ.

ಬೈಯೋ ಆರಿನ್, ಒಂದೇ ಒಂದು ಸಲ.