ಆದಿತ್ಯವಾರದೊಳಗೆ ತಿಳಿಸು

ಅಲ್ ಖುವೈರ್, ಮಸ್ಕತ್
ನವೆಂಬರ್ 21, ಶುಕ್ರವಾರ

ಪ್ರೀತಿಯ ಆಲ್ಸ್ಟನ್ ಪುತಾ,

ಹೇಗಿದ್ದೀಯಾ? ಭುಜದ ನೋವು ಇಳಿಯಿತಾ? ಊಟ ಸರಿಯಾಗಿ ಮಾಡುತ್ತೀಯೋ, ಇಲ್ಲಾ ಅದೇ ಮೊಟ್ಟೆ, ಬ್ರೆಡ್ಡೋ? ಡ್ಯಾಡಿಯ ಫೋನ್ ಎತ್ತುತ್ತೀಯಾ, ನನ್ನದು ಎತ್ತುವುದಿಲ್ಲ. ನನ್ನ ಸ್ವರ ಕೇಳಿದರೆ ಅಳು ಬರುತ್ತದೆ ಅಂತಲಾ? ಮೆಸೇಜಿಗೆ ಒಂದು ಹೆಬ್ಬೆರಳು ಒತ್ತಿ ಬಿಟ್ಟರೆ ತಾಯಿಗೆ ಏನು ಗೊತ್ತಾಗಬೇಕು? ಅದಕ್ಕೇ ಈ ಕಾಗದ. ಜೋಸ್ಲಿನ್ ಆಂಟಿ ಇವತ್ತಿನ ಬಸ್ಸಿಗೆ ನಿನ್ನ ದುಬೈಗೇ, ಮಗಳ ಮನೆಗೆ ಹೊರಟಿದ್ದಾರೆ. ಒಣ ಸಿಗಡಿ ಚಟ್ನಿಯ ಜೊತೆ ಇದನ್ನೂ ಕೊಡುತ್ತೇನೆ. ಕನ್ನಡ ಓದಲು ಮರೆತಿಲ್ಲ ತಾನೇ? ಶಿರ್ವದಲ್ಲಿ ಅಜ್ಜಿಯ ಹತ್ತಿರ ಕಿವಿ ಹಿಂಡಿಸಿಕೊಂಡು ಕಲಿತದ್ದು.

ನಾವಿಲ್ಲಿ ಸೌಖ್ಯ ಎಂದು ಬರೆಯಬೇಕು. ಎಲ್ಲಿಯ ಸೌಖ್ಯ! ನಿನ್ನ ಬೇಸ್‌ಬಾಲ್ ಮ್ಯಾಚ್ ಇದ್ದ ದಿನ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಪ್ರಿನ್ಸಿ ಟಿವಿಯಲ್ಲಿ ಹಾಕಿ ಕೊಡುತ್ತಾಳೆ. ನೀನು ಬ್ಯಾಟ್ ಹಿಡಿದು ಬಂದದ್ದೇ ನಾನು ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ. ಹೈವೇಯ ಕಾರುಗಳನ್ನು ನೋಡುತ್ತಾ ಏನಾಯ್ತೇ, ಏನಾಯ್ತೇ ಎಂದು ಕೂಗುತ್ತೇನೆ. ನಿನ್ನ ತಂಗಿಯೋ, ಅಳೆದು ಸುರಿದು "ಮಿಸ್ಡ್ ಅಗೇನ್, ಮಮ್ಮಿ" ಅನ್ನುತ್ತಾಳೆ. ಆ ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿರುತ್ತದೆ.

ನಿನ್ನ ಡ್ಯಾಡಿ ಫೌಸ್ಟಿನ್ ಸಾಹೇಬರದ್ದು ಬೇರೆಯೇ ಕಥೆ. ಕಂಪನಿ ಕ್ರಿಕೆಟ್ ಟೀಮಿನ ಓಪನರ್ ಆಗಿದ್ದವರಲ್ಲವಾ, ಔಟಾಗುವುದೆಂದರೆ ಮಾನ ಹೋದ ಹಾಗೆ. ಬೇಸ್‌ಬಾಲ್‌ನಲ್ಲಿ ದೊಡ್ಡ ಹೊಡೆತದವರು ಹೊಡೆದದ್ದಕ್ಕಿಂತ ಔಟಾದದ್ದೇ ಹೆಚ್ಚು ಎಂದು ನೀನು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಪ್ರತಿ ಮ್ಯಾಚಿನ ಮೊದಲು ಫೋನ್: "ವಿಕೆಟ್ ಬಿಸಾಡಬೇಡ ಮಾರಾಯ, ನೆಲಕ್ಕೆ ಆಡು." ಅಲ್ಲಿ ವಿಕೆಟ್ ಎಲ್ಲಿದೆ ಎಂದು ಕೇಳಿದರೆ ನನಗೇ ಜೋರು. ನೀನೂ ಅವರ ಮಾತು ಕೇಳಿದೆ. ಹೋದ ವರ್ಷ ಚೆಂಡನ್ನು ಬೇಲಿಯಾಚೆ ಕಳಿಸಿ ಕಳಿಸಿ ಪೋಸ್ಟರಿನಲ್ಲಿ ಬಂದವನು, ಈ ವರ್ಷ ಅದನ್ನು ಸುಮ್ಮನೆ ಮುಟ್ಟುತ್ತೀಯಾ. ಅದು ಉರುಳಿಕೊಂಡು ಎದುರು ಟೀಮಿನವರ ಕೈಗೇ ಹೋಗುತ್ತದೆ. ಈಗ ಕೋಚ್ ಬೆಂಚಿನಲ್ಲಿ ಕೂರಿಸಿದ್ದಾನಂತೆ. ಉಳಿದ ಮ್ಯಾಚುಗಳಲ್ಲಿ ಹೊಡೆಯದಿದ್ದರೆ ಮುಂದಿನ ವರ್ಷ ಕಾಂಟ್ರಾಕ್ಟ್ ಇಲ್ಲವಂತೆ. ಪ್ರಿನ್ಸಿಗೆ ಹೇಳಿದ್ದನ್ನು ನನಗೆ ಹೇಳಬಾರದಿತ್ತಾ? ಸಣ್ಣವನಿದ್ದಾಗ ಇಲ್ಲಿ ಪಾರ್ಕಿಂಗಿನಿಂದ ನೀನು ಹೊಡೆದ ಚೆಂಡು ನಾಲ್ಕನೇ ಮಾಳಿಗೆಯ ಆಸಿಯಮ್ಮನ ಬಾಲ್ಕನಿಗೆ ಹೋಗಿ ಅವರ ಒಗೆದ ಬಟ್ಟೆಯ ಮೇಲೆ ಬಿದ್ದಾಗ, ಅವರೆದುರು ನಿನಗೆ ಬೈದೆ. ಒಳಗೆ ಬಂದು ಬಾಗಿಲು ಹಾಕಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಅದು ನಿನಗೆ ಗೊತ್ತಿಲ್ಲ.

ಈಗ ಕೆಲಸದ ವಿಷಯ. ಡ್ಯಾಡಿಯ ಧಣಿ, ನಮ್ಮ ವೀಸಾದ ಕಫೀಲ್ ಫಾರಿಸ್ ಅವರು ನಿನ್ನನ್ನು ಕಂಪನಿಯ ಸ್ಟೋರ್ಸ್‌ಗೆ ತೆಗೆದುಕೊಳ್ಳಲು ಒಪ್ಪಿದ್ದಾರೆ. ಆ ಕೆಲಸ ಇನ್ನೂ ಇದೆಯಾ ಎಂದು ಮೊನ್ನೆ ನೀನೇ ಡ್ಯಾಡಿಗೆ ಕೇಳಿದೆಯಂತೆ. ಅಂದಿನಿಂದ ಅವರನ್ನು ಹಿಡಿಯುವವರಿಲ್ಲ. ರೂವಿ ಪೇಟೆಗೆ ಹೋಗಿ ನಿನಗೆ ಎರಡು ಆಫೀಸ್ ಶರ್ಟ್ ತಂದಿಟ್ಟಿದ್ದಾರೆ. ಆದಿತ್ಯವಾರ ವೀಸಾಕ್ಕೆ ಪೇಪರ್ ಹಾಕುವುದಂತೆ, ಅದರೊಳಗೆ ನೀನು ಹೂಂ ಎಂದು ತಿಳಿಸಬೇಕಂತೆ. ಎಸಿ ಆಫೀಸು, ಮನೆಯ ಊಟ, ಶುಕ್ರವಾರ, ಶನಿವಾರ ರಜೆ. ಇದೆಲ್ಲ ಡ್ಯಾಡಿ ಬರೆಯಲು ಹೇಳಿದ್ದು, ಬರೆದಿದ್ದೇನೆ. ಅವರು ಓದಿದ ಮೇಲೆಯೇ ಕವರಿಗೆ ಹಾಕಬೇಕಂತೆ. ವಿಕೆಟಿನ ವಿಷಯ ಓದಿ ಸಿಟ್ಟು ಬಂದರೆ ಬರಲಿ, ಕೆಲಸದ ವಿಷಯದಲ್ಲಿ ನಾನು ನನ್ನದೇನೂ ಸೇರಿಸುವುದಿಲ್ಲ.

ಇವತ್ತು ಚರ್ಚಿನ ಪೂಜೆಯಲ್ಲಿ ನಿನಗಾಗಿ ಬೇಡಿಕೊಂಡೆ. ಪ್ರಿನ್ಸಿ ಮುತ್ತು ಕಳಿಸಿದ್ದಾಳೆ, ಮೆಚ್ಚಲೇಬೇಕು. ದೇವರು ನಿನ್ನ ಕೈಗೆ ಬಲ ಕೊಡಲಿ, ಮನಸ್ಸಿಗೂ.

ನಿನ್ನ ಮಮ್ಮಿ,
ಸೋಫಿಯಾ

ತಾ.ಕ.: ಡ್ಯಾಡಿ ಓದಿ ಆಯಿತು, ಬೈದೂ ಆಯಿತು, ಕಾರು ತೆಗೆಯಲು ಕೆಳಗೆ ಹೋಗಿದ್ದಾರೆ. ಆ ಕೆಲಸ ಇಲ್ಲ ಪುತಾ. ಬೆಳಿಗ್ಗೆ ಇವರು ಮೀನಿಗೆ ಹೋದಾಗ ನಾನೇ ಫಾರಿಸ್ ಅವರಿಗೆ ಫೋನ್ ಮಾಡಿ, ಮಗ ಬರುವುದಿಲ್ಲ, ಬೇರೆ ಯಾರಿಗಾದರೂ ಕೊಡಿ ಎಂದೆ. "ಖಲಾಸ್?" ಎಂದು ಕೇಳಿದರು. "ಖಲಾಸ್" ಎಂದೆ. ಡ್ಯಾಡಿಗೆ ಆದಿತ್ಯವಾರ ಆಫೀಸಿನಲ್ಲಿ ಗೊತ್ತಾಗುತ್ತದೆ, ಆಮೇಲಿನದ್ದು ನಾನು ನೋಡಿಕೊಳ್ಳುತ್ತೇನೆ. ನಿನಗೂ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ. ಸೋತು ಬಂದರೆ ಮನೆ ಇದೆ, ಅನ್ನ ಇದೆ. ಸ್ಟೋರ್ಸ್ ಮಾತ್ರ ಇಲ್ಲ. ಔಟಾಗುವುದಾದರೆ ಬೀಸಿ ಹೊಡೆಯಲು ಹೋಗಿ ಔಟಾಗು. ಹಾರ್ನ್ ಹಾಕುತ್ತಿದ್ದಾರೆ, ಅಂಟಿಸುತ್ತೇನೆ.