ದೋಣಿ ಚಿತ್ರದ ಮುಂದಿನ ಬೆಂಚು

ಮ್ಯೂಸಿಯಂನ ನಿರ್ದೇಶಕರಿಗೆ,

ಡ್ಯೂಟಿಯ ಹೊತ್ತಿನಲ್ಲಿ ಚಿತ್ರ ನೋಡಲು ಬಂದವರಿಗೆ ನನ್ನ ಸ್ಟೂಲನ್ನು ಕೊಟ್ಟಿದ್ದೇಕೆ ಎಂದು ಮೆಮೊ ಕಳಿಸಿದ್ದೀರಿ. ಕೊಟ್ಟಿದ್ದು ನಿಜ.

ನನ್ನ ಕೋಣೆಯಲ್ಲಿ ಶುರುಮಾಡಿದ ಧ್ಯಾನ ಶಿಬಿರಕ್ಕೆ ಚಾಪೆ ಹಾಸಬೇಕೆಂದು ದೋಣಿ ಚಿತ್ರದ ಮುಂದಿದ್ದ ಬೆಂಚನ್ನು ಉಗ್ರಾಣಕ್ಕೆ ಹಾಕಿಸಿದಿರಿ. ಗಂಡ ತೀರಿಕೊಂಡ ಮೇಲೆ, ಆರು ವರ್ಷದಿಂದ, ಪ್ರತಿ ಮಂಗಳವಾರ ಆ ಬೆಂಚಿನಲ್ಲಿ ಅರ್ಧ ಗಂಟೆ ಕೂತು ಹೋಗುವ ನಿವೃತ್ತ ಟೀಚರಮ್ಮ ಒಬ್ಬರಿದ್ದಾರೆ. ಅವರಿಗೆ ಮಂಡಿನೋವು, ನೆಲದ ಮೇಲೆ ಕೂತರೆ ಏಳಲಾರರು. ಮೊನ್ನೆ ಗೋಡೆ ಹಿಡಿದು ನಿಂತಿದ್ದರು, ಸ್ಟೂಲ್ ಕೊಟ್ಟೆ. ಶಿಬಿರದ ಮೇಡಂ ಬಂದು, "ಹೆಸರು ಬರೆಸಿದವರಿಗೆ ಮಾತ್ರ ಅಮ್ಮಾ, ಎಲ್ಲರ ಏಕಾಗ್ರತೆ ಕೆಡುತ್ತೆ" ಅಂದರು.

"ನಾನು ಸುಮ್ಮನೆ ಕೂತಿದ್ದೀನಲ್ಲಮ್ಮ" ಎಂದು ಟೀಚರಮ್ಮ ಎದ್ದು ಹೋದರು.

ನೆಮ್ಮದಿ ಕೊಡುತ್ತೇವೆ ಎಂದು ಊರಿಗೆಲ್ಲ ಡಂಗುರ ಸಾರಿ, ಅದು ಸಿಕ್ಕಿದವರನ್ನೇ ಆಚೆ ಕಳಿಸುವುದು ನನ್ನ ತಲೆಗೆ ಹೋಗುತ್ತಿಲ್ಲ.

ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ಸರಿ, ಮಂಗಳವಾರದೊಳಗೆ ಬೆಂಚು ವಾಪಸ್ ಹಾಕಿಸಿ. ಆಗದಿದ್ದರೆ ಮುಂಬಾಗಿಲಿನಲ್ಲಿರುವ ಶಿಬಿರದ ಪೋಸ್ಟರನ್ನಾದರೂ ತೆಗೆಸಿ. ಅದರಲ್ಲಿ 'ಬನ್ನಿ, ನೆಮ್ಮದಿಯಾಗಿ ಕೂತುಕೊಳ್ಳಿ' ಎಂಬ ಸಾಲಿನ ಕೆಳಗೆ, ದೋಣಿ ಚಿತ್ರ ನೋಡುತ್ತ ಬೆಂಚಿನ ಮೇಲೆ ಕೂತಿರುವುದು ಆ ಟೀಚರಮ್ಮನೇ.

ಇಂತಿ,
ಮೂರನೇ ಕೋಣೆಯ ಕಾವಲುಗಾರ