ಹಸುವಿನ ಸೀಸೆ, ಮಗಳ ಮೂಗು

ಔಷಧಗಳನ್ನು ನಿಯಂತ್ರಿಸುತ್ತಿರುವುದಾಗಿ ಫಲಕ ಹಾಕಿಕೊಂಡಿರುವ ಮಾನ್ಯರೇ,

ಹಸುವಿಗೆ ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನು ನಮ್ಮ ಹಿನಕಲ್ ಕಡೆ ಬೂಸಾ ಅಂಗಡಿಯಲ್ಲಿ ಬೆಂಕಿಪೊಟ್ಟಣದ ಪಕ್ಕದಲ್ಲೇ ಸಿಗುತ್ತದೆ. ಡಾಕ್ಟರ ಚೀಟಿ ಬೇಕಿಲ್ಲ. ಇದು ತಮಗೆ ಗೊತ್ತಿಲ್ಲವೆಂದರೆ ನಂಬುತ್ತೇನೆ. ತಮ್ಮಂಥ ದೊಡ್ಡವರ ಜೀಪು ಬೂಸಾ ಅಂಗಡಿ ಮುಂದೆ ಏಕೆ ನಿಂತೀತು? ಆದರೆ ತಮ್ಮನ್ನು ಬೈದು ಕೈ ತೊಳೆದುಕೊಳ್ಳುವ ಯೋಗ್ಯತೆ ನನಗಿಲ್ಲ. ಆ ಸೀಸೆ ಕೊಂಡ ಪಾಪಿ ನಾನೇ.

ನಾನು ಹಸು ಕಟ್ಟಿ ಹಾಲು ಮಾರುವವನು. ಕರು ಸತ್ತ ಹಸು ಹಾಲು ಬಿಗಿಹಿಡಿದರೆ ಸೂಜಿ ಹಾಕಿ ಕರೆಯುವುದು ನನಗೆ ರೂಢಿ. ಹನ್ನೊಂದು ವರ್ಷದ ಮಗಳು ಸಿಂಚನಳಿಗೆ ಆಟಿಸಂ. ಮಾತಿಲ್ಲ, ಯಾರಿಗೂ ಮುಖ ಕೊಡುವುದಿಲ್ಲ. ಕಳೆದ ವರ್ಷ, 2007ರಲ್ಲಿ, ಪತ್ರಿಕೆಯ ಪುರವಣಿಯೊಂದರಲ್ಲಿ ಓದಿದೆ: ಆಟಿಸಂ ಇರುವವರು ಜನರೊಡನೆ ಬೆರೆಯಲು ಇದೇ ಹಾರ್ಮೋನನ್ನು ಮೂಗಿಗೆ ಬಿಟ್ಟರೆ ನೆರವಾದೀತೇ ಎಂದು ಹೊರದೇಶದಲ್ಲಿ ಪರೀಕ್ಷಿಸುತ್ತಿದ್ದಾರಂತೆ. ಪರೀಕ್ಷೆ ಎಂದೇ ಬರೆದಿತ್ತು. ಆಸೆಬುರುಕ ನಾನು ಔಷಧ ಎಂದುಕೊಂಡೆ. ಕೊಟ್ಟಿಗೆಯ ಗೂಡಿನಲ್ಲೇ ಸಂಜೀವಿನಿ ಇರುವಾಗ ತಡವೇಕೆ?

"ಬ್ಯಾಡ ಕಣ್ರೀ, ಅದು ದನಕ್ಕಾಕೋ ಔಸ್ದಿ," ಎಂದಳು ಹೆಂಡತಿ ವಸಂತಮ್ಮ.

"ಸುಮ್ಕಿರಮ್ಮಿ, ಒಂದ್ಸಲ ನನ್ ಮುಖ ನೋಡ್ಬುಟ್ರೆ ಸಾಕು," ಎಂದೆ.

ಒದರಾಡುವ ಮಗುವನ್ನು ಅದುಮಿ ಹಿಡಿದು ಮೂಗಿಗೆ ಹನಿ ಬಿಟ್ಟೆ. ಹೀಗೆ ಎಂಟು ದಿನ. ಎಂಟನೆಯ ದಿನ ವಾಂತಿ ಮಾಡಿ ಕುಸಿದುಬಿದ್ದಳು. ಆಸ್ಪತ್ರೆಗೆ ಹೊತ್ತುಕೊಂಡು ಓಡಿದೆವು. ಡಾಕ್ಟರು ಸೀಸೆ ತಿರುಗಿಸಿ ನೋಡಿ, "ಮಗೂನ ಏನಂತ ತಿಳ್ಕೊಂಡಿದ್ದೀಯಯ್ಯಾ?" ಎಂದರು.

ಮಗಳು ಚೇತರಿಸಿಕೊಂಡಳು. ಮೊದಲೆಲ್ಲ ಸಂಜೆ ನಾನು ಹಾಲು ಕರೆಯುವಾಗ ಅವಳು ನನ್ನ ಬೆನ್ನಿಗೆ ಬೆನ್ನು ಒತ್ತಿ ಕೂರುತ್ತಿದ್ದಳು, ಚೊಂಬು ತುಂಬುವತನಕ ಏಳುತ್ತಿರಲಿಲ್ಲ. ಅಯ್ಯೋ, ಬೆರೆಯುವುದೆಂದರೆ ಇನ್ನೇನು, ಮಾನ್ಯರೇ? ಬೆನ್ನಿಗಿದ್ದ ಮಗಳನ್ನು ಬಿಟ್ಟು ಮುಖಕ್ಕೆ ಹಂಬಲಿಸಿದ ಮುಠ್ಠಾಳ ನಾನು. ಈಗ ನೋಡುತ್ತಾಳೆ. ನಾನು ಒಳಗೆ ಬಂದೊಡನೆ ನೆಟ್ಟಗೆ ನನ್ನ ಮುಖ ನೋಡಿ, ಎರಡೂ ಕೈಯಿಂದ ಮೂಗು ಮುಚ್ಚಿಕೊಳ್ಳುತ್ತಾಳೆ.

ಆದ್ದರಿಂದ ಬೂಸಾ ಅಂಗಡಿಗಳಿಂದ ಈ ಸೀಸೆಗಳನ್ನು ಈ ತಿಂಗಳೊಳಗೆ ತೆಗೆಸಿ. ಹಸುವಿಗೂ ಹಾಕುವುದನ್ನು ನಾನು ಬಿಟ್ಟಿದ್ದೇನೆ. ಮಾರಿದವರ ಮೇಲೆ ಕೇಸು ಹಾಕುವಾಗ ಕೊಂಡವನ ಹೆಸರನ್ನೂ ಸೇರಿಸಿ. ಕರೆದ ದಿನ ಬಂದು ರುಜು ಹಾಕುತ್ತೇನೆ.

ಇಂತಿ,
ಸಂಜೆ ಒಬ್ಬನೇ ಕೂತು ಹಾಲು ಕರೆಯುವ
ಜವರಪ್ಪ
ಹಿನಕಲ್, ಮೈಸೂರು